ಜಾಲತಾಣವಿದ್ದರೂ ಗ್ರಾಹಕರಿಗೆ ಕಾಣದಿರುವುದೇಕೆ?

ಹಣ ವೆಚ್ಚಮಾಡಿ ರೂಪಿಸಿದ ಜಾಲತಾಣವು ಗೂಗಲ್‌ನಲ್ಲಿ ಹುಡುಕುವ ಗ್ರಾಹಕರಿಗೆ ಸಿಗದಿದ್ದರೆ ಆ ವೆಚ್ಚ ಬಹುಮಟ್ಟಿಗೆ ವ್ಯರ್ಥ. ಶೋಧಯಂತ್ರವು ಮುಖ್ಯವಾಗಿ ಓದುವುದು ಪಠ್ಯವನ್ನು, ಅಲಂಕಾರವನ್ನಲ್ಲ. ವಿನ್ಯಾಸದ ಹಲವು ದೋಷಗಳು ಈ ಅಂಶವನ್ನು ಮರೆತುದರ ಫಲ.

ಕನ್ನಡ ತಾಣಗಳಲ್ಲಿ ಗಂಭೀರವಾದುದು ಅಕ್ಷರ ಸಂಕೇತದ ದೋಷ. ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಪುಟವು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದಲ್ಲಿ ಅರ್ಥಹೀನ ರೋಮನ್ ಅಕ್ಷರ, ಚಿಹ್ನೆಗಳಾಗಿ ದಾಖಲಾಗಿರುತ್ತದೆ. ‘ರೇಷ್ಮೆ ಸೀರೆ’ ಎಂದು ಹುಡುಕುವವರಿಗೆ ಅದು ದೊರೆಯದು. ಪುಟದ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿದಾಗ ಕನ್ನಡವೇ ಉಳಿದರೆ ಅದು ಯೂನಿಕೋಡ್. ಇಲ್ಲವಾದರೆ ಪರಿವರ್ತಕ ತಂತ್ರಾಂಶದಿಂದ ಸರಿಪಡಿಸಿಕೊಳ್ಳಬೇಕು. ಸಾಲನ್ನು ಆಯ್ದುಕೊಳ್ಳಲೇ ಆಗದಿದ್ದರೆ ಅದು ಬಹುಶಃ ಪಠ್ಯವಲ್ಲ, ಚಿತ್ರ. ದರಪಟ್ಟಿ, ವಿಳಾಸಗಳನ್ನು ಚಿತ್ರವಾಗಿಯಷ್ಟೇ ನೀಡುವುದು ಎರಡನೆಯ ದೋಷ.

ಎಲ್ಲ ಪುಟಗಳಿಗೂ ಸಂಸ್ಥೆಯ ಹೆಸರೊಂದನ್ನೇ ಶೀರ್ಷಿಕೆಯಾಗಿಡುವುದು ಮೂರನೆಯದು. ಆಯಾ ಪುಟದ ಶೀರ್ಷಿಕೆಯಲ್ಲಿ ಸರಕಿನ ಹೆಸರು, ಊರಿನ ಹೆಸರು ಇದ್ದರೆ ಅನುಕೂಲ. ನಿರ್ಮಾಣದ ವೇಳೆ ಅಳವಡಿಸಿದ ‘ನೋಇಂಡೆಕ್ಸ್’ ಸೂಚನೆಯನ್ನು ತೆಗೆಯಲು ಮರೆತರಂತೂ ಇಡೀ ತಾಣವೇ ಫಲಿತಾಂಶಗಳಿಂದ ಹೊರಗುಳಿಯುತ್ತದೆ.

ತಾಣದ ಮೊಬೈಲ್ ರೂಪವನ್ನೇ ಆಧಾರವಾಗಿಟ್ಟುಕೊಳ್ಳುವ ಕ್ರಮಕ್ಕೆ ತಾನು ಬದಲಾದುದಾಗಿ ಗೂಗಲ್ ೨೦೨೩ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಆದುದರಿಂದ ಮೊಬೈಲ್ ಪುಟದಲ್ಲಿ ಕೈಬಿಟ್ಟ ವಿವರವು ಶೋಧಕ್ಕೂ ಇಲ್ಲದಂತೆಯೇ ಸರಿ.

ವಿನ್ಯಾಸಕಾರರಿಗೆ ಅಂತಿಮ ಕಂತನ್ನು ಪಾವತಿಸುವ ಮುನ್ನ ಈ ಐದು ಅಂಶಗಳನ್ನು ಸದಸ್ಯರು ಖುದ್ದಾಗಿ ಪರಿಶೀಲಿಸಿಕೊಳ್ಳುವುದು ಒಳಿತು.