ನಿಮಗಿದು ಗೊತ್ತೇ? ಸರ್ಕಾರ ಕೇಸು ಸೋತರೆ ದುಡ್ಡು ಎಲ್ಲಿಂದ ಬರುತ್ತದೆ?

ಕೋರ್ಟಿನಲ್ಲಿ ಸರ್ಕಾರ ಸೋಲುವುದು ಹೊಸ ಸುದ್ದಿಯೇನಲ್ಲ. ಸೋತ ಮೇಲೆ ಹಣ ಯಾವ ಗಂಟಿನಿಂದ ಹೊರಬರುತ್ತದೆ, ಅದಕ್ಕೆ ಯಾರು ಹೂಂ ಅನ್ನಬೇಕು ಎಂಬಲ್ಲೇ ಸ್ವಾರಸ್ಯವಿದೆ.

● ರಾಜ್ಯದ ಸಂಚಿತ ನಿಧಿಯಿಂದ ಒಂದು ರೂಪಾಯಿ ತೆಗೆಯಬೇಕಾದರೂ ಕಾನೂನಿನ ಒಪ್ಪಿಗೆ ಬೇಕು. ಇದು ಸಂವಿಧಾನದ 266ನೇ ವಿಧಿಯ ಕಟ್ಟಪ್ಪಣೆ. ನ್ಯಾಯಾಧೀಶರು ತೀರ್ಪು ಬರೆಯಬಹುದು, ಚೆಕ್ ಬರೆಯಲಾರರು.

● ಹಾಗಾದರೆ ಶಾಸಕರು ಮನಸ್ಸು ಮಾಡಿದರೆ ಆ ಹಣವನ್ನು ತಡೆಯಬಹುದೇ? ನಮ್ಮಲ್ಲಿ ಆಗದು. ನ್ಯಾಯಾಲಯದ ತೀರ್ಪು, ಡಿಕ್ರಿ ಅಥವಾ ಮಧ್ಯಸ್ಥಿಕೆ ಮಂಡಳಿಯ ಐತೀರ್ಪಿಗೆ ಬೇಕಾದ ಮೊತ್ತ 202ನೇ ವಿಧಿಯ ಪ್ರಕಾರ ‘ಪ್ರಭೃತ ವೆಚ್ಚ’. ರಾಜ್ಯಪಾಲರ ಸಂಬಳ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸರ್ಕಾರದ ಸಾಲದ ಬಡ್ಡಿ ಇರುವ ಪಟ್ಟಿಯಲ್ಲೇ ಇದಕ್ಕೂ ಜಾಗ.

● ಪ್ರಭೃತ ವೆಚ್ಚದ ಬಗ್ಗೆ ವಿಧಾನಸಭೆಯಲ್ಲಿ ಎಷ್ಟು ಬೇಕಾದರೂ ಚರ್ಚಿಸಬಹುದು, ಆದರೆ ಮತಕ್ಕೆ ಹಾಕುವಂತಿಲ್ಲ. ಧನವಿನಿಯೋಗ ವಿಧೇಯಕ ಮಂಡನೆಯಾದಾಗ ಆ ಮೊತ್ತವನ್ನು ಬದಲಿಸುವ ತಿದ್ದುಪಡಿಗೂ ಅವಕಾಶವಿಲ್ಲ.

● ಬಜೆಟ್ ಮುಗಿದ ಮೇಲೆ ತೀರ್ಪು ಬಂದರೆ? ಪೂರಕ ಅಂದಾಜಿನಲ್ಲಿ ಸೇರಿಸುತ್ತಾರೆ. ಅಷ್ಟು ದಿನ ಕಾಯುವಂತಿಲ್ಲದಿದ್ದರೆ ಸಾದಿಲ್ವಾರು ನಿಧಿಯಿಂದ ಮುಂಗಡ ಪಡೆದು, ಆಮೇಲೆ ಸದನದ ಒಪ್ಪಿಗೆ ಪಡೆಯುವ ದಾರಿಯೂ ಉಂಟು.

● ಅಮೆರಿಕದ ಲೂಸಿಯಾನಾ ರಾಜ್ಯದ್ದು ಇದಕ್ಕೆ ತದ್ವಿರುದ್ಧ ಪದ್ಧತಿ. ಅಲ್ಲಿನ 1974ರ ಸಂವಿಧಾನದ ಪ್ರಕಾರ, ಶಾಸಕಾಂಗ ಹಣ ಮಂಜೂರು ಮಾಡದ ಹೊರತು ರಾಜ್ಯದ ವಿರುದ್ಧದ ತೀರ್ಪಿಗೆ ದುಡ್ಡು ಹುಟ್ಟುವುದಿಲ್ಲ. ಸರ್ಕಾರಿ ಆಸ್ತಿಯನ್ನು ಜಪ್ತಿ ಮಾಡುವಂತೆಯೂ ಇಲ್ಲ. ಗೆದ್ದವರು ಶಾಸಕರ ಬಾಗಿಲು ಕಾಯಬೇಕು.

● ಫ್ಲಾರಿಡಾದಲ್ಲಿ 2011ರಲ್ಲಿ ಜಾರಿಗೆ ಬಂದ ಮಿತಿಯಂತೆ, ಸರ್ಕಾರದ ತಪ್ಪಿನಿಂದ ನೊಂದ ಒಬ್ಬ ವ್ಯಕ್ತಿಗೆ ನೇರವಾಗಿ ಸಿಗುವುದು ಹೆಚ್ಚೆಂದರೆ 2 ಲಕ್ಷ ಡಾಲರ್. ಜ್ಯೂರಿ ಕೋಟಿ ಡಾಲರ್ ಕೊಡಿಸಿದರೂ ಮಿಕ್ಕ ಹಣಕ್ಕೆ ಶಾಸಕಾಂಗದಲ್ಲಿ ಪ್ರತ್ಯೇಕ ‘ಕ್ಲೇಮ್ಸ್ ಬಿಲ್’ ಪಾಸಾಗಬೇಕು. ಅಂದರೆ ಒಬ್ಬನ ಪರಿಹಾರಕ್ಕೇ ಒಂದು ಕಾಯ್ದೆ!

● 1793ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬೇರೆ ರಾಜ್ಯದ ಪ್ರಜೆಯೂ ಜಾರ್ಜಿಯಾದ ಮೇಲೆ ದಾವೆ ಹೂಡಬಹುದು ಎಂದಿತು. ಆ ತೀರ್ಪನ್ನು ಜಾರಿ ಮಾಡಲು ಬಂದವರನ್ನು ಗಲ್ಲಿಗೇರಿಸಬೇಕು ಎಂಬ ವಿಧೇಯಕಕ್ಕೆ ಜಾರ್ಜಿಯಾದ ಕೆಳಮನೆ ಒಪ್ಪಿಗೆ ಕೊಟ್ಟಿತು. ವಿಧೇಯಕ ಕಾಯ್ದೆಯಾಗಲಿಲ್ಲ. ಆದರೆ 1795ರಲ್ಲಿ ಅಂಥ ದಾವೆಗಳನ್ನು ತಡೆಯುವ ಹನ್ನೊಂದನೇ ತಿದ್ದುಪಡಿಯೇ ಬಂತು.

● ವರ್ಜೀನಿಯಾದಿಂದ ಬೇರೆಯಾದ ವೆಸ್ಟ್ ವರ್ಜೀನಿಯಾ, ಹಳೆಯ ಸಾಲದ ತನ್ನ ಪಾಲು ಕೊಡದೆ ದಶಕಗಟ್ಟಲೆ ಸತಾಯಿಸಿತು. 1915ರಲ್ಲಿ ಸುಪ್ರೀಂ ಕೋರ್ಟ್ ಬಡ್ಡಿ ಸೇರಿಸಿ 1 ಕೋಟಿ 23 ಲಕ್ಷ ಡಾಲರಿಗೂ ಹೆಚ್ಚು ಕೊಡು ಎಂದಿತು. ಶಾಸಕಾಂಗ ಸಾಲಪತ್ರದ ಕಾಯ್ದೆ ಮಾಡಿದ್ದು 1919ರಲ್ಲಿ, ಕೊನೆಯ ಕಂತು ತೀರಿದ್ದು 1939ರಲ್ಲಿ.

● ಶಾಸಕಾಂಗದ ತಪ್ಪಿಗೆ ರಾಜ್ಯಕ್ಕೆ ದಿನದ ಲೆಕ್ಕದಲ್ಲಿ ದಂಡ ಬಿದ್ದದ್ದೂ ಉಂಟು. ಶಾಲೆಗಳಿಗೆ ಸಾಕಷ್ಟು ಅನುದಾನ ಕೊಡಿ ಎಂಬ 2012ರ ತೀರ್ಪನ್ನು ಪಾಲಿಸುವ ಯೋಜನೆ ಒಪ್ಪಿಸಲಿಲ್ಲವೆಂದು, ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 2015ರ ಆಗಸ್ಟಿನಿಂದ ದಿನಕ್ಕೆ 1 ಲಕ್ಷ ಡಾಲರ್ ದಂಡ ಹಾಕಿತು. 2018ರಲ್ಲಿ ಪ್ರಕರಣ ಮುಗಿಯುವಾಗ ದಂಡ 10 ಕೋಟಿ ಡಾಲರ್ ದಾಟಿತ್ತು. ಆ ಹಣವೂ ಶಿಕ್ಷಣಕ್ಕೇ ಹೋಯಿತು.

● ನದಿ ನೀರಿನ ಜಗಳವೂ ಖಜಾನೆಗೆ ಬರೆ ಎಳೆದೀತು. ಅರ್ಕಾನ್ಸಾ ನದಿಯ ನೀರನ್ನು ಒಪ್ಪಂದ ಮೀರಿ ಬಳಸಿದ್ದಕ್ಕೆ ಕೊಲೊರಾಡೊ ರಾಜ್ಯ 2005ರಲ್ಲಿ ಕೆಳಹರಿವಿನ ಕಾನ್ಸಾಸಿಗೆ 3.4 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ತೆತ್ತಿತು.

● ನಮ್ಮಲ್ಲಿ ಸರ್ಕಾರದ ಮೇಲೆ ದಾವೆ ಹೂಡುವ ಹಕ್ಕಿನ ಚರಿತ್ರೆಯಲ್ಲಿ ಒಂದು ಕುದುರೆಗೂ ಪಾಲಿದೆ. ಕಲ್ಕತ್ತೆಯ ಕಿಡ್ಡರಪೋರ್ ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರು ಹೊತ್ತಿದ್ದ ಕಬ್ಬಿಣದಿಂದ ಅದು ಗಾಯಗೊಂಡಿತು. 1861ರಲ್ಲಿ ಕೋರ್ಟು ಸರ್ಕಾರವೇ ಹೊಣೆ ಎಂದಿತು. ಇಂದಿನ 300ನೇ ವಿಧಿಯ ವ್ಯಾಖ್ಯಾನಕ್ಕೆ ಈಗಲೂ ಆ ಪ್ರಕರಣವೇ ಬುನಾದಿ.

● ಉದಯಪುರದ ಕಲೆಕ್ಟರರ ಜೀಪು ರಿಪೇರಿಯಿಂದ ಮರಳುವಾಗ ಪಾದಚಾರಿಯೊಬ್ಬರಿಗೆ ಬಡಿದು ಅವರು ಸತ್ತರು. ರಾಜಸ್ಥಾನ ಸರ್ಕಾರವೇ ಹೊಣೆ ಎಂದು 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಮೀರತ್ ಪೊಲೀಸರು ವಶಪಡಿಸಿಕೊಂಡಿದ್ದ ವ್ಯಾಪಾರಿಯ ಚಿನ್ನವನ್ನು ಹೆಡ್ ಕಾನ್‌ಸ್ಟೆಬಲ್ ಒಬ್ಬ ಕದ್ದು ಪಾಕಿಸ್ತಾನಕ್ಕೆ ಓಡಿಹೋದ ಪ್ರಕರಣದಲ್ಲಿ, 1964ರಲ್ಲಿ ಅದೇ ಕೋರ್ಟು ವ್ಯಾಪಾರಿಗೆ ಪರಿಹಾರವಿಲ್ಲ ಎಂದಿತು.

● ಬಿಹಾರದ ರುದುಲ್ ಸಾಹ್ 1968ರಲ್ಲೇ ಖುಲಾಸೆಯಾದರೂ ಜೈಲಿನಿಂದ ಹೊರಬಂದದ್ದು 1982ರಲ್ಲಿ. 1983ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರದಿಂದ 30,000 ರೂಪಾಯಿ ಕೊಡಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ನಗದು ಪರಿಹಾರ ಕೊಡಿಸುವ ದಾರಿ ತೆರೆದದ್ದು ಈ ತೀರ್ಪು.

● ಶಾಸಕರೊಬ್ಬರಿಗೂ ಇಂಥ ಪರಿಹಾರ ಸಿಕ್ಕಿದೆ. ಅಧಿವೇಶನಕ್ಕೆ ಹೊರಟಿದ್ದ ಭೀಮ್ ಸಿಂಗ್ ಅವರನ್ನು 1985ರಲ್ಲಿ ದಾರಿಯಲ್ಲೇ ಬಂಧಿಸಿದ್ದಕ್ಕೆ ಜಮ್ಮು ಮತ್ತು ಕಾಶ್ಮೀರ ಸರ್ಕಾರ 50,000 ರೂಪಾಯಿ ತೆರಬೇಕಾಯಿತು.

● ಭೂಸ್ವಾಧೀನದ ಪರಿಹಾರ ತಡವಾದರೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ಕಡತ ಮೇಜಿನ ಮೇಲೆ ಮಲಗಿದಷ್ಟೂ ದಿನ ಖಜಾನೆ ಸೋರುತ್ತದೆ. ಉಪವಿಭಾಗಾಧಿಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪನ್ನು ಕೋರ್ಟಿನ ಅಮೀನರು ಜಪ್ತಿ ಮಾಡಿದ ಸುದ್ದಿಗಳ ಹಿಂದೆ ಹೆಚ್ಚಾಗಿ ಇರುವುದು ಇಂಥ ಬಾಕಿಯೇ.

● ಸಾರಿಗೆ ನಿಗಮದ ಬಸ್ಸು ಜಪ್ತಿಯಾದರೆ ಅದು ಬೇರೆ ಲೆಕ್ಕ. ನಿಗಮ ಪ್ರತ್ಯೇಕ ಸಂಸ್ಥೆ. ಅಪಘಾತದ ಪರಿಹಾರವನ್ನು ಅದು ತನ್ನ ನಿಧಿಯಿಂದಲೇ ಕೊಡಬೇಕು.

● ಅಧಿಕಾರಿಯ ತಪ್ಪಿಗೆ ಜನರ ತೆರಿಗೆ ಏಕೆ ಹೋಗಬೇಕು? ಪರಿಹಾರವನ್ನು ಮೊದಲು ಸಾರ್ವಜನಿಕ ಹಣದಿಂದ ಕೊಟ್ಟು, ಆಮೇಲೆ ತಪ್ಪಿತಸ್ಥ ಅಧಿಕಾರಿಗಳಿಂದ ವಸೂಲಿ ಮಾಡಿ ಎಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ.

● ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಸಾಮಾನ್ಯವಾಗಿ 2 ತಿಂಗಳ ನೋಟಿಸ್ ಕೊಡಬೇಕು. ಗೆದ್ದ ಮೇಲೆ, ಡಿಕ್ರಿಯಾದ ದಿನದಿಂದ 3 ತಿಂಗಳು ಹಣ ಬಾರದಿದ್ದರೆ ಮಾತ್ರ ಜಾರಿಗೆ ಆದೇಶ ಸಿಗುತ್ತದೆ. ಹಾಗೆಂದು ಕೈಕಟ್ಟಿ ಕೂರಬೇಡಿ. ಹಣದ ಡಿಕ್ರಿಯ ಅಮಲ್ಜಾರಿ ಅರ್ಜಿಗೆ ಇರುವ ಗಡುವು 12 ವರ್ಷ. ಅದು ದಾಟಿದರೆ ಗೆದ್ದ ಕೇಸಿನ ಹಣವೂ ಕೈಗೆ ಬಾರದು.