ಪುಸ್ತಕ ಹಂಚಿದ್ದಾಯಿತು, ಮಕ್ಕಳು ಓದಿದರೇ?



ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡ ಶಾಲೆಗಳಿಗಾಗಿ ನಮ್ಮಂಥ ಬಳಗಗಳು ಪುಸ್ತಕ ಹಂಚುತ್ತವೆ, ಶಿಬಿರ ನಡೆಸುತ್ತವೆ. ಇಂಥ ಕೆಲಸಗಳಿಗೆ ದಾನಿಗಳು ನೆರವಾಗುತ್ತಾರೆ. 2010ರ ಕಾಯ್ದೆಯಡಿ ರಚನೆಯಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಗಡಿಭಾಗದ ಕನ್ನಡ ಸಂಸ್ಥೆಗಳಿಗೆ ಅನುದಾನ ಕೊಡುತ್ತದೆ. ಕೆಲಸ ಮುಗಿದ ಮೇಲೆ ರಸೀದಿ, ಫೋಟೊ, ಹಣ ಬಳಕೆ ಪ್ರಮಾಣಪತ್ರ ಸೇರಿಸಿ ವರದಿ ಕಳಿಸುತ್ತೇವೆ. ಹಣ ಸರಿಯಾಗಿ ಖರ್ಚಾಯಿತೆಂದು ಆ ವರದಿ ಹೇಳುತ್ತದೆ. ಮಗು ಏನು ಕಲಿಯಿತು ಎಂಬುದು ಅದರಲ್ಲಿ ಇರುವುದಿಲ್ಲ.

ಮನೆಮಾತು ಕನ್ನಡವಾದ ಪಾಲಕರೂ ಮಕ್ಕಳನ್ನು ಮರಾಠಿ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಿರುವ ಕಾಲವಿದು. ಕನ್ನಡ ಶಾಲೆಯಲ್ಲಿ ಮಗು ಚೆನ್ನಾಗಿ ಕಲಿಯುತ್ತದೆಂದು ತೋರಿಸಲಾಗದಿದ್ದರೆ ಅವರನ್ನು ಒಪ್ಪಿಸುವುದು ಹೇಗೆ? ಕೆಲಸ ನಡೆಯುವಾಗ ಗಮನಿಸುವುದು ಮೇಲ್ವಿಚಾರಣೆ, ಅದರಿಂದ ಏನು ಬದಲಾಯಿತೆಂದು ಅಳೆಯುವುದು ಮೌಲ್ಯಮಾಪನ. ಇವೆರಡರಲ್ಲೂ ಎದುರಾಗುವ ಐದು ತೊಡಕುಗಳು ಹೀಗಿವೆ.

1. ಮೊದಲಿನ ಸ್ಥಿತಿ ಬರೆದಿಟ್ಟಿರುವುದಿಲ್ಲ. ಶಾಲೆ ಆರಂಭವಾಗುವ ಜೂನ್‌ನಲ್ಲೇ ಪ್ರತಿ ಮಗುವಿನ ಓದನ್ನು ನೋಡಿಕೊಳ್ಳಬೇಕು. 'ಪ್ರಥಮ್' ಸಂಸ್ಥೆ 2005ರಲ್ಲಿ ಆರಂಭಿಸಿದ 'ಅಸರ್' ಸಮೀಕ್ಷೆಯ ಕ್ರಮ ಸುಲಭವಾಗಿದೆ: ಅಕ್ಷರ, ಪದ, ಒಂದನೆಯ ಇಯತ್ತೆ ಮಟ್ಟದ ಪರಿಚ್ಛೇದ, ಎರಡನೆಯ ಇಯತ್ತೆ ಮಟ್ಟದ ಕಥೆ. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಕನ್ನಡದಲ್ಲೂ ಇದರ ಹಾಳೆಗಳಿವೆ.

2. ಎಣಿಕೆಯನ್ನೇ ಫಲವೆಂದು ತಿಳಿಯುತ್ತೇವೆ. 200 ಪುಸ್ತಕ ಕೊಟ್ಟರೂ ಅವು ಕಪಾಟಿನಲ್ಲೇ ಇದ್ದರೆ ಏನು ಬಂತು? ಸಿದ್ಧರಾಮರು ಕೆರೆ ಕಟ್ಟಿಸಿದ ಊರು ನಮ್ಮದು. ಕೆರೆಯ ಬೆಲೆ ತಿಳಿಯುವುದು ನಿಂತ ನೀರಿನಿಂದ, ಹೊತ್ತ ಮಣ್ಣಿನ ಬುಟ್ಟಿಗಳ ಲೆಕ್ಕದಿಂದಲ್ಲ. ಯಾವ ಮಗು ಯಾವ ಪುಸ್ತಕ ಮನೆಗೆ ಒಯ್ದಿತು ಎಂದು ಬರೆದಿಡುವ ಒಂದು ವಹಿ ಸಾಕು.

3. ಮಕ್ಕಳು ನಡುವೆ ಇಲ್ಲವಾಗುತ್ತಾರೆ. ಕಬ್ಬು ಕಡಿಯಲು ಹೋಗುವ ಪಾಲಕರ ಜೊತೆ ಮಕ್ಕಳೂ ಹೋಗುತ್ತಾರೆ. ಜೂನ್‌ನಲ್ಲಿ 30 ಮಕ್ಕಳಿದ್ದು ಮಾರ್ಚ್‌ನಲ್ಲಿ 22 ಉಳಿದರೆ, ಉಳಿದವರ ಓದನ್ನಷ್ಟೇ ಅಳೆದು 'ಸುಧಾರಣೆ' ಎನ್ನುವುದು ತಪ್ಪಾಗುತ್ತದೆ. ಆ 22 ಮಕ್ಕಳ ಈಗಿನ ಓದನ್ನು ಅವರದೇ ಜೂನ್ ತಿಂಗಳ ಓದಿನೊಂದಿಗೆ ಹೋಲಿಸಬೇಕು. ಉಳಿದ 8 ಮಕ್ಕಳು ಎಲ್ಲಿ ಹೋದರೆಂದು ಹೆಸರು ಸಹಿತ ಬರೆಯಬೇಕು. ಅವರು ಮರಳಿದಾಗ ಎಲ್ಲಿಂದ ಕಲಿಸಬೇಕೆಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.

4. ಕಾಗದದ ಹೊರೆ. ಇಲ್ಲಿನ ಕಚೇರಿಗೆ ಮರಾಠಿ, ಬೆಂಗಳೂರಿಗೆ ಕನ್ನಡ, ಲೆಕ್ಕ ಪರಿಶೋಧನೆಗೆ ಇಂಗ್ಲಿಷ್ ಎಂದು ಗುರುಗಳು ಒಂದೇ ಮಾಹಿತಿಯನ್ನು ಮೂರು ಸಲ ಬರೆಯುವಂತಾಗಬಾರದು. ಅವರು ಒಂದು ಪುಟವನ್ನು ಕನ್ನಡದಲ್ಲಿ ತುಂಬಲಿ. ಅನುವಾದ ಬಳಗದವರ ಕೆಲಸ.

5. ಅಂಜಿಕೆ. ಫಲ ಕಡಿಮೆ ಬಂದರೆ ನೆರವು ನಿಂತೀತೆಂದು ಅಂಕಿ ಹಿಗ್ಗಿಸುವವರಿದ್ದಾರೆ. ಈ ಪರೀಕ್ಷೆ ನಮ್ಮ ಯೋಜನೆಯದು, ಗುರುಗಳದ್ದಲ್ಲ ಎಂದು ಮೊದಲೇ ಹೇಳಬೇಕು. ಡಿಸೆಂಬರ್‌ನಲ್ಲಿ ಮತ್ತೊಮ್ಮೆ ನೋಡಿದರೆ ತಪ್ಪು ತಿದ್ದಿಕೊಳ್ಳಲು ಇನ್ನೂ ಕಾಲವಿರುತ್ತದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ವಹಿ, ನಾಲ್ಕು ಹಾಳೆ, ವರ್ಷಕ್ಕೆ ಮೂರು ದಿನ ಸಾಕು. ಮಗು ಓದುವಾಗ ಪಾಲಕರನ್ನೂ ಕರೆದು ಕೂಡಿಸಿಕೊಳ್ಳೋಣ. ಜೂನ್‌ನಲ್ಲಿ ಅಕ್ಷರ ಗುರುತಿಸುತ್ತಿದ್ದ ಮಗಳು ಮಾರ್ಚ್‌ನಲ್ಲಿ ಕಥೆ ಓದುವುದನ್ನು ಕೇಳಿದ ತಾಯಿಗೆ ನಮ್ಮ ವರದಿ ಬೇಕಾಗುವುದಿಲ್ಲ. ನಿಮ್ಮೂರಿನ ಶಾಲೆಯಲ್ಲಿ ಆರಂಭಿಸುವುದಾದರೆ ತಿಳಿಸಿರಿ, ನಾವೂ ಬರುತ್ತೇವೆ.