ತೊಡೆಸಂದಿನ ಗಂಟೆಲ್ಲ ಹರ್ನಿಯಾ ಅಲ್ಲ

ಕವಲಂದೆಯಂತಹ ಬೇಸಾಯದ ಊರುಗಳಲ್ಲಿ ಭಾರ ಹೊತ್ತು ದುಡಿಯುವವರ ತೊಡೆಸಂದಿನಲ್ಲಿ ಗಂಟೊಂದು ಕಾಣಿಸಿಕೊಂಡರೆ, 'ಕರುಳು ಇಳಿದಿದೆ' ಎಂದು ಮನೆಯವರೇ ತೀರ್ಮಾನಿಸಿಬಿಡುವುದುಂಟು. ಅನೇಕ ವೇಳೆ ಆ ಊಹೆ ಸರಿಯೇ. ಆದರೆ ಕೆಲವರಲ್ಲಿ ಅಲ್ಲಿರುವುದು ಕರುಳಲ್ಲ, ಬರಿಯ ಕೊಬ್ಬು.

ಈ ಭೇದವನ್ನು ನಮ್ಮ ಪ್ರಾಚೀನರು ಅರಿಯದವರಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನವು ವೃದ್ಧಿರೋಗವನ್ನು 7 ಬಗೆಯಾಗಿ ವಿಂಗಡಿಸುವಾಗ ಮೇದೋವೃದ್ಧಿಯನ್ನೂ ಅಂತ್ರವೃದ್ಧಿಯನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿದೆ. ಮೇದಸ್ಸೆಂದರೆ ಕೊಬ್ಬು, ಅಂತ್ರವೆಂದರೆ ಕರುಳು. ಭಾರ ಹೊರುವುದನ್ನು ಅಂತ್ರವೃದ್ಧಿಯ ಕಾರಣಗಳಲ್ಲಿ ಒಂದೆಂದೂ ಅದು ಹೇಳುತ್ತದೆ.

ಹೊಟ್ಟೆಯ ಗೋಡೆ ದುರ್ಬಲವಾದೆಡೆ ಒಳಗಿನ ಭಾಗ ಹೊರಚಾಚುವುದೇ ಹರ್ನಿಯಾ. ಕೆಮ್ಮಿದಾಗ ಅದು ಉಬ್ಬುತ್ತದೆ. ಮಲಗಿದಾಗ ಸಾಮಾನ್ಯವಾಗಿ ಒಳಸರಿಯುತ್ತದೆ. ಕೊಬ್ಬಿನ ಗಂಟನ್ನು ವೈದ್ಯರು ಲೈಪೋಮಾ ಎನ್ನುತ್ತಾರೆ. ಅದು ಚರ್ಮದಡಿ ಮೆತ್ತಗೆ, ಬೆರಳಿಗೆ ಜಾರುವಂತೆ ಇದ್ದು, ಮಲಗಿದರೂ ಮಾಯವಾಗದು. ಆದರೆ ವೃಷಣಕ್ಕೆ ಹೋಗುವ ನಾಳಗಳ ಹುರಿಗೆ ಅಂಟಿಕೊಂಡ ಕೊಬ್ಬು ಕೆಮ್ಮಿದಾಗ ಹರ್ನಿಯಾದಂತೆಯೇ ಉಬ್ಬಿ, ನುರಿತ ಕೈಗಳನ್ನೂ ವಂಚಿಸಬಲ್ಲದು. ಅಲ್ಟ್ರಾಸೌಂಡ್ ಸ್ಕ್ಯಾನ್ ಬಹಳ ಮಟ್ಟಿಗೆ ಸಂಶಯ ನಿವಾರಿಸುತ್ತದೆ; ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಷ್ಟೇ ಸತ್ಯ ತಿಳಿಯುತ್ತದೆ. ಎರಡೂ ಒಟ್ಟಿಗಿರುವುದುಂಟು. ಹರ್ನಿಯಾ ಸರಿಪಡಿಸುವಾಗ ಈ ಕೊಬ್ಬು ಉಳಿದುಬಿಟ್ಟರೆ, ರೋಗ ಮರಳಿತೆಂಬ ಭ್ರಮೆ ಹುಟ್ಟುತ್ತದೆ.

ಚರ್ಮದಡಿಯ ಚಿಕ್ಕ, ನೋವಿಲ್ಲದ ಕೊಬ್ಬಿನ ಗಂಟನ್ನು ತೆಗೆಯಲೇಬೇಕೆಂದಿಲ್ಲ. ಬೇಗ ಬೆಳೆದರೆ, ಗಟ್ಟಿಯಾದರೆ, ನೋಯತೊಡಗಿದರೆ ತಪ್ಪದೆ ಪರೀಕ್ಷೆಯಾಗಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರಬಹುದು.

ಹಾಗೆಂದು, 'ಕೊಬ್ಬಷ್ಟೇ' ಎಂದು ತಾವೇ ನಿರ್ಧರಿಸಿ ಸುಮ್ಮನಿರುವುದು ಇನ್ನೂ ಅಪಾಯಕರ. ಗಂಟು ಹಠಾತ್ತನೆ ಬಿಗಿದು, ಒಳಹೋಗದೆ, ತೀವ್ರ ನೋವೂ ವಾಂತಿಯೂ ಬಂದರೆ ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯುವುದು ನಿಂತಿರಬಹುದು. ಆಗ ಒತ್ತಿ ನೂಕುತ್ತ, ಪಟ್ಟಿ ಬಿಗಿಯುತ್ತ ಕಾಲ ಕಳೆಯಬಾರದು. ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯತೊಡಗಬಹುದು. ನಂಜನಗೂಡಿನ ತಾಲ್ಲೂಕು ಆಸ್ಪತ್ರೆಗೋ, ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೋ ಒಡನೆ ಧಾವಿಸಬೇಕು.

ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಬೇಕು. ತೊಡೆಯ ಮೇಲ್ತುದಿಯಲ್ಲಿ ಮೂಡುವ ಒಂದು ಬಗೆಯ ಹರ್ನಿಯಾ ಪುರುಷರಿಗಿಂತ ಅವರಲ್ಲೇ ಹೆಚ್ಚು; ಅದು ಚಿಕ್ಕದಾಗಿದ್ದರೂ ಬೇಗ ಬಿಗಿಯುತ್ತದೆ. ಲಜ್ಜೆಯಿಂದ ಮುಚ್ಚಿಟ್ಟರೆ ಜೀವಕ್ಕೇ ಎರವಾದೀತು.

ದೇಹದ ಯಾವ ಅಂಗವೂ ನಾಚಿಕೆಗೆ ಎಡೆಯಲ್ಲ. ಕಂಡ ಗಂಟು ಕರುಳೋ ಕೊಬ್ಬೋ ಎಂಬುದನ್ನು ವೈದ್ಯರು ನಿರ್ಣಯಿಸಲಿ. ಅವರಲ್ಲಿಗೆ ಹೋಗುವ ನಿರ್ಣಯವಷ್ಟೇ ನಮ್ಮದಾಗಲಿ.